ಎಷ್ಟು ಕೊಡುತ್ತೆ?

ಕರೆಂಟಿನ ಕಾರು ಇಟ್ಟುಕೊಂಡವರನ್ನು ಜನ ಮೊದಲು ಕೇಳುವ ಪ್ರಶ್ನೆ ಯಾವುದು ಹೇಳಿ? ಬೆಲೆ ಎಷ್ಟಾಯಿತು ಅಂತಲ್ಲ, ಅದು ಎರಡನೆಯದು. ಕಾರನ್ನು ಮದುವೆ ಛತ್ರದ ಮುಂದೆ ನಿಲ್ಲಿಸಿ, ದೇವಸ್ಥಾನದ ಬಯಲಿನಲ್ಲಿ ನಿಲ್ಲಿಸಿ, ರಸ್ತೆ ಪಕ್ಕದ ಎಳನೀರು ಅಂಗಡಿಯ ಹತ್ತಿರ ನಿಲ್ಲಿಸಿ, ಹಸಿರು ನಂಬರ್ ಪ್ಲೇಟು ಕಂಡ ಕೂಡಲೇ ಯಾರಾದರೊಬ್ಬರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳುತ್ತಾರೆ: "ಎಷ್ಟು ಕೊಡುತ್ತೆ?"

ನನಗೆ ಆ ಪ್ರಶ್ನೆ ಬಹಳ ಇಷ್ಟ. ಹಸು ಕೊಳ್ಳಲು ಹೋದವರು ಕೇಳುವುದೂ ಇದನ್ನೇ ಅಲ್ಲವೇ? ಹಸು ಸಾಕಿ ಗೊತ್ತಿರುವವರು ಥಟ್ಟನೆ ಇಷ್ಟು ಲೀಟರು ಎಂದುಬಿಡುವುದಿಲ್ಲ. ಕರು ಹಾಕಿ ಎಷ್ಟು ತಿಂಗಳಾಯಿತು, ಹಸಿ ಮೇವೋ ಒಣ ಮೇವೋ, ಹಿಂಡಿ ಎಷ್ಟು ಇಡುತ್ತೀರಿ, ಕೊಟ್ಟಿಗೆಯಲ್ಲಿ ಸೆಕೆ ಹೇಗೆ, ಕರೆಯುವವರು ಯಾರು ಎಂದೆಲ್ಲ ಒಂದು ಸುತ್ತು ವಿಚಾರಿಸಿ ಆಮೇಲೆ ಅಂದಾಜು ಹೇಳುತ್ತಾರೆ. ಕಾರಿನ ವಿಷಯದಲ್ಲೂ ಆ ಸುತ್ತು ಹೊಡೆಯಲೇಬೇಕು. ಆದ್ದರಿಂದ ಕೂತುಕೊಳ್ಳಿ, ಕಾಫಿ ಬರುತ್ತದೆ, ಅವಸರವೇನಿಲ್ಲ.

ಕಂಪನಿಯವರು ಒಂದು ಅಂಕಿ ಕೊಟ್ಟೇ ಇರುತ್ತಾರೆ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಂದಾಗ ಅದರ ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆಯ ಪ್ರಕಾರ ಒಂದು ಚಾರ್ಜಿಗೆ 312 ಕಿಲೋಮೀಟರ್. ರಸ್ತೆಯಲ್ಲಿ ಓಡಿಸಿದವರಿಗೆ ಸಿಕ್ಕಿದ್ದು ಸುಮಾರು 200ರಿಂದ 220. ಹಾಗಾದರೆ ಆ 312 ಸುಳ್ಳೇ? ಇಲ್ಲ. ಪರೀಕ್ಷೆಯವರು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಒಂದೇ ಕ್ರಮದಲ್ಲಿ, ಹದವಾದ ವೇಗದಲ್ಲಿ ಓಡಿಸುತ್ತಾರೆ. ಅಲ್ಲಿ ಎದುರುಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯವರಿಲ್ಲ, ಡಿಕ್ಕಿಯಲ್ಲಿ ಊರಿನ ತೆಂಗಿನಕಾಯಿ ಮೂಟೆ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ತೂಗಿ ನೋಡಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ಪ್ರಯಾಣದ ಲೆಕ್ಕಕ್ಕೆ ಅದರ ಮೂರನೇ ಎರಡು ಪಾಲು, ಬಹಳವೆಂದರೆ ಮುಕ್ಕಾಲು ಪಾಲು ಹಿಡಿಯಿರಿ.

ಕಿಲೋವ್ಯಾಟ್ ಅವರ್ ಅಂದರೆ ಕೆಲವರು ಹಿಂಜರಿಯುತ್ತಾರೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಬಿಲ್ಲಿನಲ್ಲಿ ತಿಂಗಳು ತಿಂಗಳು ನೋಡುವ ಯೂನಿಟ್ಟೇ ಅದು, ಬೇರೇನೂ ಅಲ್ಲ. ನಮ್ಮ ರಸ್ತೆಗಳಲ್ಲಿ ಸಾಧಾರಣ ಗಾತ್ರದ ಕಾರು ಒಂದು ಯೂನಿಟ್ಟಿಗೆ ಆರರಿಂದ ಎಂಟು ಕಿಲೋಮೀಟರ್ ಓಡುತ್ತದೆ. ಏಳು ಎಂದಿಟ್ಟುಕೊಳ್ಳಿ. 45 ಯೂನಿಟ್ಟಿನ ಬ್ಯಾಟರಿಯಾದರೆ 315 ಕಿಲೋಮೀಟರ್, ಅಂದರೆ ಪರದೆಯ ಮೇಲಿನ ಒಂದೊಂದು ಪರ್ಸೆಂಟಿಗೂ ಮೂರು ಕಿಲೋಮೀಟರ್ ಮತ್ತು ಒಂದಿಷ್ಟು ಚಿಲ್ಲರೆ. ನಿಮ್ಮ ಕಾರಿನ ಈ ಒಂದು ಲೆಕ್ಕ, ಪರ್ಸೆಂಟಿಗೆ ಎಷ್ಟು ಎನ್ನುವುದು, ಬಾಯಿಪಾಠ ಇರಲಿ. ಪರದೆ ತೋರಿಸುವ "ಇನ್ನು ಇಷ್ಟು ಕಿಲೋಮೀಟರ್" ಇದೆಯಲ್ಲ, ಅದು ನೀವು ಈಗತಾನೆ ಓಡಿಸಿದ ರೀತಿ ನೋಡಿ ಮುಂದಿನದನ್ನು ಊಹಿಸುತ್ತದೆ. ಜಯನಗರದ ಒಳರಸ್ತೆಗಳಲ್ಲಿ ಮೆಲ್ಲಗೆ ಸುತ್ತಾಡಿ ಬಂದಿದ್ದರೆ ಉದಾರವಾಗಿ ಹೇಳುತ್ತದೆ. ಹೆದ್ದಾರಿ ಹತ್ತಿದ ಅರ್ಧ ಗಂಟೆಯಲ್ಲಿ ಮಾತು ಬದಲಿಸುತ್ತದೆ. ಅದಕ್ಕೆ ಮುಂದೆ ಘಾಟಿ ಬರುತ್ತದೆಂದು ಏನು ಗೊತ್ತು? ಆದ್ದರಿಂದ ಪರದೆಯಲ್ಲಿ ಪರ್ಸೆಂಟನ್ನೇ ಇಟ್ಟುಕೊಂಡು ಲೆಕ್ಕ ನೀವು ಹಾಕಿ.

ಪೆಟ್ರೋಲ್ ಕಾರು ಓಡಿಸಿದವರಿಗೆ ಇಲ್ಲೊಂದು ಸಂಗತಿ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಊರೊಳಗೆ ಮೈಲೇಜು ಕಡಿಮೆ, ಹೆದ್ದಾರಿಯಲ್ಲಿ ಹೆಚ್ಚು. ಇಲ್ಲಿ ಊರೊಳಗೇ ಹೆಚ್ಚು. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಕಾಲು ಗಂಟೆ ನಿಂತರೂ ಮೋಟಾರು ಏನನ್ನೂ ತಿನ್ನುವುದಿಲ್ಲ, ಏಸಿ ಮಾತ್ರ ಸ್ವಲ್ಪ ತಿನ್ನುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಒಂದಷ್ಟು ಕರೆಂಟು ಬ್ಯಾಟರಿಗೆ ವಾಪಸು ಬರುತ್ತದೆ. ಹೆದ್ದಾರಿಯಲ್ಲಿ ಗಾಳಿಯೇ ಎದುರಾಳಿ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಪಾಲು, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ದಾರಿಯಲ್ಲಿ ಚಾರ್ಜು ಸಾಲದೇನೋ ಅನ್ನಿಸಿದರೆ ಏಸಿ ಆರಿಸಿ ಬೆವರುತ್ತ ಕೂರುವ ಅಗತ್ಯವಿಲ್ಲ, 100ರಿಂದ 80ಕ್ಕೆ ಇಳಿಯಿರಿ. ಉಳಿತಾಯ ಕಣ್ಣಿಗೆ ಕಾಣುತ್ತದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಬಂದ ಮೇಲೆ ಬಹಳ ಜನ ಹಳೆಯ ರಸ್ತೆಯನ್ನು ಮರೆತಿದ್ದಾರೆ. ನಾನು ಮರೆತಿಲ್ಲ. ಅವಸರವಿಲ್ಲದ ದಿನ ಊರುಗಳ ಒಳಗಿನ ಹಳೆಯ ದಾರಿಯಲ್ಲೇ ಹೋಗುತ್ತೇನೆ. ಕರೆಂಟಿನ ಕಾರಿಗೆ ಅದು ಮಿತವ್ಯಯದ ದಾರಿ, ಹೊಟ್ಟೆಗೂ ಒಳ್ಳೆಯ ದಾರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಅದರ ಮೇಲೆ ಬೆಣ್ಣೆ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಬಣ್ಣಬಣ್ಣದ ಬೊಂಬೆ, ಆಮೇಲೆ ಮದ್ದೂರು. ಮದ್ದೂರು ವಡೆ ತಿನ್ನದೆ ಮೈಸೂರಿಗೆ ಹೋಗುವುದು ಹೇಗೆ ಸಾಧ್ಯ ಎಂದು ನಮ್ಮ ತಂದೆಯವರ ಕಾಲದವರು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು.

ಮದ್ದೂರು ಅಂದಾಗಲೆಲ್ಲ ನನಗೆ ಇನ್ನೊಂದು ನೆನಪಾಗುತ್ತದೆ, ವಿಷಯ ಬಿಟ್ಟು ಹೋದೆ ಅನ್ನಬೇಡಿ. ಅಲ್ಲಿಂದ ಎಡಕ್ಕೆ ತಿರುಗಿ ಮಳವಳ್ಳಿ ದಾಟಿದರೆ ಶಿವನಸಮುದ್ರ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ಅಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯುವ ಕೆಲಸ ಶುರುವಾಯಿತು. 1902ರಲ್ಲಿ ಅಲ್ಲಿನ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಯೋಚಿಸಿ ನೋಡಿ: ಗಣಿಗೆ ಹೋದ ಕರೆಂಟು, ಬೀದಿಗೆ ಬಂದ ಕರೆಂಟು, ಮನೆಗೆ ಬಂದ ಕರೆಂಟು, ಈಗ ಅದೇ ಕರೆಂಟು ಗಾಲಿ ಕಟ್ಟಿಕೊಂಡು ಮದ್ದೂರಿನ ಹೋಟೆಲ್ ಮುಂದೆ ನಿಂತಿದೆ. ಈ ನಾಡಿಗೆ ಅದು ಹೊಸ ನೆಂಟಸ್ತನವಲ್ಲ.

ಕಾರೂ ಹೊಸದಲ್ಲ ಎನ್ನಿ. 1899ರಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬವರು ಗಂಟೆಗೆ 100 ಕಿಲೋಮೀಟರ್ ವೇಗವನ್ನು ರಸ್ತೆಯ ಮೇಲೆ ಮೊದಲ ಬಾರಿಗೆ ದಾಟಿದ್ದು ಬ್ಯಾಟರಿಯ ಕಾರಿನಲ್ಲೇ. ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಚೇತನ್ ಮೈನಿಯವರ ತಂಡ ಕಟ್ಟಿದ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿಲೋಮೀಟರ್. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಇಂದು ದೊಡ್ಡ ದೊಡ್ಡ ಬ್ಯಾಟರಿ ಕಾರುಗಳನ್ನು ನೋಡುವಾಗ ಆ ಪುಟ್ಟ ಗಾಡಿಯನ್ನು ನೆನೆಯದೆ ಇರುವುದು ನನ್ನ ಕೈಲಾಗದು. ಇಷ್ಟು ಮುಂಚೆ ಧೈರ್ಯ ಮಾಡಿದವರು ನಮ್ಮೂರಿನವರು ಅನ್ನುವುದು ಸಣ್ಣ ಮಾತೇ?

ಸೀಸದ ಬ್ಯಾಟರಿ ಎಂದೆ ನೋಡಿ, ಅಲ್ಲಿಂದಲೇ ಒಂದು ದೊಡ್ಡ ಗೊಂದಲ ಶುರುವಾಗುವುದು. ಸಕಲೇಶಪುರದ ಕಡೆ ತೋಟದಲ್ಲಿರುವ ನಮ್ಮ ಸೋದರಮಾವನಿಗೆ ಬ್ಯಾಟರಿ ಅಂದರೆ ಯುಪಿಎಸ್ಸು ಮತ್ತು ಹಳೆಯ ಮೊಬೈಲು. ಒಂದು ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಾಗ ಹೇಳಿದರು, "ಅಳಿಯ, ಬ್ಯಾಟ್ರಿ ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗೆ ಹಾಕು. ಅರ್ಧಂಬರ್ಧ ಹಾಕಿದ್ರೆ ಅದಕ್ಕೆ ಅದೇ ಅಭ್ಯಾಸ ಆಗೋಗುತ್ತೆ."

"ಅದು ಹಳೇ ಮೊಬೈಲಿನ ಕಾಲದ್ದು ಮಾವ."

"ಹಂಗಾದ್ರೆ ಯುಪಿಎಸ್ ಥರ ಯಾವಾಗ್ಲೂ ಫುಲ್ ಇಟ್ಟಿರು."

ಎರಡು ಮಾತೂ ಅದರದರ ಬ್ಯಾಟರಿಗೆ ಸರಿ. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಅರ್ಧದಲ್ಲೇ ಚಾರ್ಜು ಮಾಡುತ್ತ ಹೋದರೆ ಸಾಮರ್ಥ್ಯ ಕುಗ್ಗಿದಂತೆ ಕಾಣುವ ಗುಣವಿತ್ತು. ಸೀಸದ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಯುತ್ತದೆ. ಕಾರಿನೊಳಗಿನ ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಅದಕ್ಕೆ ಎರಡು ತುದಿಗಳೂ ಹಿತವಲ್ಲ, ನಡುವೆ ಇದ್ದರೆ ನೆಮ್ಮದಿ. ದಿನಾ 20ರಿಂದ 80ರ ಒಳಗೆ ಓಡಾಡಿಕೊಂಡಿದ್ದರೆ ಬಹಳ ವರ್ಷ ಬಾಳುತ್ತದೆ. ಹತ್ತಕ್ಕಿಂತ ಕೆಳಗೆ ಇಳಿದದ್ದನ್ನು ವಾರಗಟ್ಟಲೆ ಹಾಗೇ ಬಿಡಬೇಡಿ. ನೂರು ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಿ ಊರಿಗೆ ಹೋಗಬೇಡಿ. ತಿಂಗಳುಗಟ್ಟಲೆ ಹೊರಗೆ ಹೋಗುವುದಿದ್ದರೆ ಅರ್ಧ ಚಾರ್ಜು ಇಟ್ಟು, ನೆರಳಲ್ಲಿ ನಿಲ್ಲಿಸಿ ಹೋಗಿ.

ಮಾವ ಸುಮ್ಮನಾಗುವವರಲ್ಲ. "ಎಲ್ಲ ಬ್ಯಾಟ್ರಿಗೂ ಇದೇ ಲೆಕ್ಕಾನಾ?" ಅಂದರು. ಅದು ಸರಿಯಾದ ಪ್ರಶ್ನೆ, ಏಕೆಂದರೆ ಲಿಥಿಯಂನಲ್ಲೂ ಎರಡು ಮನೆತನ ಇದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಎನ್‌ಎಂಸಿ ಒಂದು. ಕಡಿಮೆ ತೂಕದಲ್ಲಿ ಹೆಚ್ಚು ಕರೆಂಟು ಹಿಡಿಯುತ್ತದೆ. 80ರ ಶಿಸ್ತು ಇದಕ್ಕೆ ಮುಖ್ಯ. ಇನ್ನೊಂದು ಕಬ್ಬಿಣದ ಫಾಸ್ಫೇಟಿನದು, ಎಲ್‌ಎಫ್‌ಪಿ. ನೆಕ್ಸಾನಿನಲ್ಲಿ, ಬಿವೈಡಿಯವರ ಬ್ಲೇಡ್ ಬ್ಯಾಟರಿಯಲ್ಲಿ ಇರುವುದು ಇದು. ತೂಕ ಸ್ವಲ್ಪ ಹೆಚ್ಚು, ಆದರೆ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೆಚ್ಚು ಸಲ ಚಾರ್ಜು ಮಾಡಿಸಿಕೊಳ್ಳುತ್ತದೆ. ಇದಕ್ಕೊಂದು ವಿಶೇಷವಿದೆ. ಇದರ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ; 40 ಉಳಿದಿದೆಯೋ 60 ಉಳಿದಿದೆಯೋ ಎಂದು ಕಾರಿನ ಲೆಕ್ಕದ ಯಂತ್ರಕ್ಕೇ ತಿಳಿಯುವುದು ಕಷ್ಟ. ಹಾಗಾಗಿ ಆಗಾಗ್ಗೆ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಮನೆಯ ನಿಧಾನದ ಚಾರ್ಜಿನಲ್ಲೇ ನೂರು ತುಂಬಿಸಬೇಕು. ಆಗ ಯಂತ್ರದ ಲೆಕ್ಕ ಸರಿಹೋಗುತ್ತದೆ. ಇದನ್ನು ಮಾಡದವರ ಕಾರುಗಳೇ ಒಮ್ಮೊಮ್ಮೆ 12 ತೋರಿಸುತ್ತಿದ್ದದ್ದು ಥಟ್ಟನೆ 4ಕ್ಕೆ ಇಳಿದು ಗಾಬರಿ ಹುಟ್ಟಿಸುವುದು. ನಿಮ್ಮ ಕಾರಿನಲ್ಲಿ ಯಾವ ಮನೆತನದ ಬ್ಯಾಟರಿ ಇದೆ ಎಂದು ಕೊಳ್ಳುವ ದಿನವೇ ಕೇಳಿ, ಕೈಪಿಡಿಯಲ್ಲಿ ಅವರೇನು ಬರೆದಿದ್ದಾರೋ ಅದನ್ನು ಮೊದಲು ಪಾಲಿಸಿ.

ಈ ಎಲ್‌ಎಫ್‌ಪಿಯ ವಿಷಯದಲ್ಲಿ ನನಗೆ ಸಂತೋಷ ಕೊಡುವ ಒಂದು ಸಂಗತಿ ಇದೆ. ಅದನ್ನು ಜಗತ್ತಿಗೆ ತಿಳಿಸಿದ ಸಂಶೋಧನಾ ಪ್ರಬಂಧ 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂತು. ಬರೆದವರು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಅವರ ಜೊತೆ ನೊಬೆಲ್ ಬಂತು. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ. ಆ ಮೂರು ಹೆಸರುಗಳ ನಡುವಿನ ಹೆಸರನ್ನು ಓದುವಾಗ ಪಕ್ಕದ ಬೀದಿಯವರನ್ನು ಕಂಡಷ್ಟು ಹತ್ತಿರ ಅನ್ನಿಸುತ್ತದೆ ನನಗೆ. ನಿಮಗೆ?

ಮಾವನ ಮನೆಗೆ ಮತ್ತೆ ಬರೋಣ. ಅಲ್ಲಿ ಕಾರನ್ನು ಚಾರ್ಜಿಗೆ ಹಾಕಲು ಹೋದರೆ ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ. ಕರೆಂಟು ಇದೆ, ವೋಲ್ಟೇಜೂ ಪರವಾಗಿಲ್ಲ, ಚಾರ್ಜು ಮಾತ್ರ ಹತ್ತುವುದಿಲ್ಲ. ಊರಿನ ಎಲೆಕ್ಟ್ರಿಷಿಯನ್ನು ಟೆಸ್ಟರ್ ಹಿಡಿದು ಬಂದು ನೋಡಿ, "ಇದಕ್ಕೆ ಅರ್ತಿಂಗೇ ಇಲ್ಲ ಸಾರ್" ಅಂದರು. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ: ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಫ್ರಿಜ್ಜು, ಮಿಕ್ಸಿ ಅದನ್ನು ಲೆಕ್ಕಿಸದೆ ಓಡುತ್ತವೆ. ಕಾರು ಒಪ್ಪುವುದಿಲ್ಲ, ಒಪ್ಪಬಾರದು. ಮಳೆಯಲ್ಲಿ ಕಾರು ಮುಟ್ಟುವ ಮಕ್ಕಳ ಜೀವದ ಪ್ರಶ್ನೆ ಅದು. ಮಾರನೆಯ ದಿನ ಅಂಗಳದ ಮೂಲೆಯಲ್ಲಿ ಗುಂಡಿ ತೆಗೆದು, ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ನೀರು ಸುರಿದು, ಅಲ್ಲಿಂದ ಪ್ಲಗ್ಗಿಗೆ ತಂತಿ ಎಳೆದರು. ಸಂಜೆ ಹಸಿರು ದೀಪ ಬಂತು. ನಿಮ್ಮ ಮನೆಯಲ್ಲಿ ಅಂಥ ಗುಂಡಿ ಇದ್ದರೆ ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಮಣ್ಣು ಒಣಗಿದರೆ ಅರ್ತಿಂಗ್ ಕೈಕೊಡುತ್ತದೆ. ಏಪ್ರಿಲ್‌ನಲ್ಲಿ ಚಾರ್ಜು ಆಗುತ್ತಿಲ್ಲ ಎಂದು ಸರ್ವಿಸ್ ಸೆಂಟರಿಗೆ ಓಡುವವರಲ್ಲಿ ಕೆಲವರ ತೊಂದರೆ ಇಷ್ಟೇ ಇರುತ್ತದೆ.

ಮನೆಯ ಚಾರ್ಜಿಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. 15 ಆಂಪಿಯರಿನ ಪ್ಲಗ್ ಸಾಕು. ಗಂಟೆಗೆ ಸುಮಾರು ಮೂರು ಯೂನಿಟ್ ಹೋಗುತ್ತದೆ, ಅದರಲ್ಲಿ ಹತ್ತನೇ ಒಂದು ಪಾಲು ದಾರಿಯಲ್ಲೇ ಬಿಸಿಯಾಗಿ ಕಳೆಯುತ್ತದೆ. ರಾತ್ರಿ ಎಂಟು ಗಂಟೆ ಹಾಕಿಟ್ಟರೂ ನೂರೈವತ್ತು ಕಿಲೋಮೀಟರಿಗೆ ಸಾಲುವಷ್ಟು ತುಂಬಿರುತ್ತದೆ. ದಿನಕ್ಕೆ ಅಷ್ಟು ಓಡಿಸುವವರು ನಮ್ಮಲ್ಲಿ ಎಷ್ಟು ಜನ? ಆದರೆ ಆ ಪ್ಲಗ್ಗಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ತಂತಿ ಬರಲಿ, ದಪ್ಪ ತಂತಿ ಬರಲಿ, ಅದಕ್ಕೆಂದೇ, ಕರೆಂಟು ಮಿತಿ ಮೀರಿದರೆ ಅಥವಾ ಸೋರಿದರೆ ತಾನೇ ಆರಿಸುವ ಎಂಸಿಬಿ ಮತ್ತು ಆರ್‌ಸಿಸಿಬಿ ಇರಲಿ. ಗಂಟೆಗಟ್ಟಲೆ ಒಂದೇ ಸಮನೆ ಇಷ್ಟು ಕರೆಂಟು ಎಳೆಯುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ, ಗೀಸರ್ ಕೂಡ ಅರ್ಧ ಗಂಟೆಗೆ ಆರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಕಿಟಕಿಯಿಂದ ತಂತಿ ಇಳಿಬಿಡುವುದನ್ನು ಯಾರಾದರೂ ಮಾಡುತ್ತಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ. ಚಾರ್ಜು ಶುರುವಾದ ಅರ್ಧ ಗಂಟೆಯ ಮೇಲೆ ಪ್ಲಗ್ಗಿನ ಮೇಲೆ ಬೆರಳಿಟ್ಟು ನೋಡಿ: ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಏಳು ಕಿಲೋವ್ಯಾಟಿನ ಗೋಡೆಯ ಚಾರ್ಜರ್ ಬೇಕೆಂದರೆ ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಂಡು, ಕಡಿಮೆಯಿದ್ದರೆ ಹೆಚ್ಚಿಸಿಕೊಳ್ಳಬೇಕು.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಮನೆಯ ಕರೆಂಟು ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಎಂದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಸುತ್ತಮುತ್ತ. ರಸ್ತೆಬದಿಯ ವೇಗದ ಚಾರ್ಜರಿನಲ್ಲಿ ಅದರ ಮೂರು ಪಟ್ಟು, ಕೆಲವು ಕಡೆ ಇನ್ನೂ ಹೆಚ್ಚು. ಮನೆಯಲ್ಲಿ ತುಂಬಿಸುವವರಿಗೆ ಈ ಕಾರು ಅಗ್ಗ. ಯಾವಾಗಲೂ ಹೊರಗೇ ತುಂಬಿಸುವವರಿಗೆ ಅಂಥ ಉಳಿತಾಯ ಇಲ್ಲ.

ಇನ್ನು ಘಾಟಿ. ನನ್ನ ಮಟ್ಟಿಗೆ ಈ ಕಾರಿನ ನಿಜವಾದ ಸೊಗಸು ಇರುವುದು ಶಿರಾಡಿ ಘಾಟಿಯಲ್ಲಿ. ಸಕಲೇಶಪುರದಿಂದ ಗುಂಡ್ಯದ ಕಡೆ ಇಳಿಯುವಾಗ ಹಿಂದೆ ಬಸ್ಸು ಲಾರಿಗಳ ಬ್ರೇಕಿನ ವಾಸನೆ ಕಾಡಿನ ವಾಸನೆಯ ಜೊತೆ ಸೇರಿ ಬರುತ್ತಿತ್ತು, ಈಗಲೂ ಬರುತ್ತದೆ. ಅನುಭವಸ್ಥ ಚಾಲಕರು ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ನಿಯಮ ಹಿಡಿದು ಬ್ರೇಕು ಉಳಿಸುತ್ತಾರೆ. ಕರೆಂಟಿನ ಕಾರಿನಲ್ಲಿ ಮೋಟಾರೇ ಡೈನಮೋ ಆಗಿ ಗಾಡಿಯನ್ನು ಹಿಡಿಯುತ್ತದೆ, ಹಿಡಿದ ಬಲವನ್ನು ಬ್ಯಾಟರಿಗೆ ತುಂಬುತ್ತದೆ. ಮೇಲೆ 52 ಇದ್ದದ್ದು ಕೆಳಗೆ ಬರುವಾಗ 55 ಆಗಿರುವುದನ್ನು ಮೊದಲ ಬಾರಿ ಕಂಡವರ ಮುಖ ನೋಡಬೇಕು!

ಲೆಕ್ಕ ಹಾಕಿಯೇ ನೋಡೋಣ, ಹೈಸ್ಕೂಲಿನ ವಿಜ್ಞಾನ ಸಾಕು. ಜನ, ಸಾಮಾನು ಸೇರಿ ಕಾರಿನ ತೂಕ 1,800 ಕಿಲೋ ಎನ್ನಿ. ಏರಬೇಕಾದ ಎತ್ತರ 800 ಮೀಟರ್. ತೂಕ, ಎತ್ತರ, ಗುರುತ್ವ ಮೂರನ್ನೂ ಗುಣಿಸಿದರೆ ಬರುವುದು ಸುಮಾರು ನಾಲ್ಕು ಯೂನಿಟ್. ಅಂದರೆ ಮಂಗಳೂರಿನಿಂದ ಹೊರಟು ಘಾಟಿ ಹತ್ತುವವರು ದೂರದ ಲೆಕ್ಕದ ಮೇಲೆ ಇನ್ನೂ ಮೂವತ್ತು ಕಿಲೋಮೀಟರಿನಷ್ಟು ಚಾರ್ಜು ಕೈಯಲ್ಲಿ ಇಟ್ಟುಕೊಂಡಿರಬೇಕು. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸು ಸಿಗುತ್ತದೆ. ನಕ್ಷೆಯಲ್ಲಿ ಕಿಲೋಮೀಟರ್ ಮಾತ್ರ ನೋಡುತ್ತಿದ್ದ ನಾನು ಈಗ ಊರೂರಿನ ಎತ್ತರ ನೋಡುತ್ತೇನೆ. ನಮ್ಮ ನಾಡು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಎಂಬುದು ಕಾಲಿನಡಿಗೇ ತಿಳಿಯುತ್ತ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಕೆಲವರು ಮಡಿಕೇರಿಯ ಹೋಂಸ್ಟೇಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ನೂರು ತುಂಬಿಸಿಕೊಂಡು ಬೆಳಿಗ್ಗೆ ಸಂಪಾಜೆ ಕಡೆ ಇಳಿಯಲು ಹೊರಡುತ್ತಾರೆ. ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗ ಎಲ್ಲಿ? ಮೋಟಾರು ಹಿಡಿಯುವುದನ್ನು ಬಿಟ್ಟುಬಿಡುತ್ತದೆ, ಅಭ್ಯಾಸದ ಮೇಲೆ ಕಾಲು ತೆಗೆದರೆ ಗಾಡಿ ನಿಧಾನವಾಗದೆ ಜಾರುತ್ತದೆ, ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬೆಟ್ಟದ ಮೇಲಿನ ಊರಲ್ಲಿ 85, 90ಕ್ಕೆ ನಿಲ್ಲಿಸಿ. ಅದರ ಮೇಲೆ ಒಂದಿಷ್ಟನ್ನು ಇಳಿಜಾರು ತುಂಬಿಸುತ್ತದೆ.

ವೇಗದ ಚಾರ್ಜರುಗಳಿಗೂ ಅವುಗಳದೇ ನಡೆ ಇದೆ. ಶುರುವಿನಲ್ಲಿ ಅಂಕಿ ಸರಸರ ಏರುತ್ತದೆ, 80 ದಾಟಿದ ಮೇಲೆ ಆಮೆನಡೆ. ಒಳಗೆ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರಬೇಕು. ಜಾಗ ಕಡಿಮೆಯಾದಾಗ ಬಲವಂತ ಮಾಡಿದರೆ ಅವು ಒಳಗೆ ಹೋಗದೆ ಹೊರಗೇ ಲೋಹವಾಗಿ ಮೆತ್ತಿಕೊಳ್ಳುತ್ತವೆ. ಆ ಹಾನಿ ವಾಪಸು ಬರುವುದಿಲ್ಲ. ಅದಕ್ಕೇ ಕಾರು ತಾನೇ ವೇಗ ತಗ್ಗಿಸುತ್ತದೆ. ಕೊನೆಯ 20ಕ್ಕೆ ಹಿಡಿಯುವ ಸಮಯದಲ್ಲಿ ಮುಂದಿನ ಊರು ಸೇರಿ ಅಲ್ಲಿ ಹೊಸದಾಗಿ ಹಾಕಿಕೊಳ್ಳಬಹುದು. ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೆ ಎದ್ದುಕೊಡುವುದು ಸೌಜನ್ಯ. ಊಟಕ್ಕೆ ಹೋಗುವಾಗ ಫೋನ್ ನಂಬರು ಬರೆದ ಚೀಟಿಯೊಂದನ್ನು ಗಾಜಿನೊಳಗೆ ಇಟ್ಟು ಹೋಗಿ. ಇನ್ನೊಂದು ವಿಷಯ: ಯಂತ್ರದ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿದ್ದರೆ ನಿಮಗೆ 60 ಸಿಕ್ಕೇ ಸಿಗುತ್ತದೆ ಎಂದಲ್ಲ. ನಿಮ್ಮ ಕಾರು ಎಷ್ಟು ತೆಗೆದುಕೊಳ್ಳಬಲ್ಲದು, ಯಂತ್ರ ಎಷ್ಟು ಕೊಡಬಲ್ಲದು, ಎರಡರಲ್ಲಿ ಸಣ್ಣದು ಯಾವುದೋ ಅದು. ಅದೇ ಯಂತ್ರದ ಪಕ್ಕದ ಗನ್ನಿಗೆ, ಅಂದರೆ ಕಾರಿಗೆ ಸಿಕ್ಕಿಸುವ ಹಿಡಿಗೆ, ಇನ್ನೊಂದು ಕಾರು ಹಾಕಿದ್ದರೆ ಅದೂ ಹಂಚಿಹೋಗಬಹುದು.

ಹೊರಡುವ ಮುಂಚೆ ಚಾರ್ಜರ್ ಎಲ್ಲಿದೆ ಎಂದು ನೋಡುವುದು ಎಲ್ಲರಿಗೂ ಗೊತ್ತು. ಬೆಸ್ಕಾಂನವರದೇ ಇವಿ ಮಿತ್ರ ಎಂಬ ಆ್ಯಪ್ ಇದೆ, ಖಾಸಗಿಯವರವು ಹಲವಿವೆ. ಎರಡು ಮೂರರಲ್ಲಿ ಮೊದಲೇ ಖಾತೆ ತೆರೆದು ಸ್ವಲ್ಪ ದುಡ್ಡು ಹಾಕಿಟ್ಟಿರಿ, ನೆಟ್‌ವರ್ಕ್ ಇಲ್ಲದ ಕಡೆ ಓಟಿಪಿ ಬರುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಆ್ಯಪಿಗಿಂತ ನಂಬಿಕಸ್ಥ ಮೂಲ ಆ ಹೋಟೆಲಿನ ಕ್ಯಾಷಿಯರ್. ಫೋನ್ ಮಾಡಿ, "ಅಣ್ಣ, ನಿಮ್ಮಲ್ಲಿ ಕಾರ್ ಚಾರ್ಜರ್ ನಡೀತಿದೆಯಾ?" ಎಂದರೆ ಎದ್ದು ಹೋಗಿ ನೋಡಿ ಬಂದು ಹೇಳುತ್ತಾರೆ. "ಈಗಷ್ಟೇ ಒಬ್ರು ಹಾಕ್ಕೊಂಡು ಹೋದ್ರು, ಬನ್ನಿ" ಎಂಬ ಒಂದು ಮಾತು ಸಾಕು. ಹಾಗಿದ್ದರೂ, ಅದು ಕೆಟ್ಟಿದ್ದರೆ ಮುಂದಿನ ಚಾರ್ಜರಿಗೆ ಹೋಗುವಷ್ಟು, ಅಂದರೆ 15ರಿಂದ 20 ಪರ್ಸೆಂಟು ಉಳಿದಿರುವಾಗಲೇ ಅಲ್ಲಿಗೆ ತಲುಪುವಂತೆ ಯೋಜನೆ ಇರಲಿ.

ಮತ್ತೆ ಆ ನಿಲುಗಡೆಗಳಿವೆಯಲ್ಲ, ಅವುಗಳ ಬಗ್ಗೆ ಜನ ಬೇಸರದಿಂದ ಮಾತಾಡುವುದನ್ನು ಕೇಳಿದಾಗ ನನಗೆ ಒಪ್ಪಲಾಗುವುದಿಲ್ಲ. ಮುಕ್ಕಾಲು ಗಂಟೆ ನಿಂತಾಗ ಪಕ್ಕದಲ್ಲಿ ಚಾರ್ಜಿಗೆ ಹಾಕಿದವರ ಜೊತೆ ಮಾತು ಹುಟ್ಟುತ್ತದೆ. ಯಾವೂರು, ಯಾರ ಪೈಕಿ, ಮಗಳ ಮನೆ ಉಡುಪಿಯಲ್ಲಾ, ಹಾಗಾದರೆ ಇಂಥವರು ಗೊತ್ತಿರಬೇಕಲ್ಲ, ಹೀಗೆ. ಒಬ್ಬ ಹಿರಿಯರು ಹಾಸನದ ಹತ್ತಿರ ತಮ್ಮ ಬುತ್ತಿಯಿಂದ ಚಪಾತಿ ಎಣ್ಣೆಗಾಯಿ ತೆಗೆದು ಕೊಟ್ಟರು. ತಿನ್ನುತ್ತ, ಮುಂದಿನ ಊರಿನ ಚಾರ್ಜರಿನ ಹಿಂಬದಿಯಲ್ಲಿ ಹಲಸಿನ ಮರದ ನೆರಳಿದೆ, ಕಾರನ್ನು ಆ ಕಡೆ ನಿಲ್ಲಿಸಿ ಎಂದೂ ಹೇಳಿಕೊಟ್ಟರು. ನೆರಳಿನ ಸಲಹೆ ಬ್ಯಾಟರಿಗೂ ಒಳ್ಳೆಯದೇ. ಬೆಂಗಳೂರಿನ ಹವೆ ಬ್ಯಾಟರಿಗೆ ಹೇಳಿ ಮಾಡಿಸಿದ್ದು, ಕಲಬುರಗಿ ರಾಯಚೂರಿನ ಬೇಸಿಗೆ ಹಾಗಲ್ಲ. ಅಲ್ಲಿಯವರು ಮಧ್ಯಾಹ್ನ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಸ್ವಲ್ಪ ಆರಲು ಬಿಟ್ಟು, ರಾತ್ರಿ ತಂಪಿನಲ್ಲಿ ಹಾಕುವುದು ಉತ್ತಮ.

ಸಣ್ಣಪುಟ್ಟ ಸಂಗತಿಗಳು ಇನ್ನೂ ಇವೆ. ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಒಂದು ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ, ಒಮ್ಮೊಮ್ಮೆ ಬಾಗಿಲೂ ತೆರೆಯುವುದಿಲ್ಲ. ಮೂರು ನಾಲ್ಕು ವರ್ಷ ಆದ ಮೇಲೆ ಅದನ್ನು ಪರೀಕ್ಷೆ ಮಾಡಿಸುತ್ತಿರಿ. ಟೈರಿನ ಗಾಳಿ ಕಡಿಮೆಯಾದರೆ ಕಿಲೋಮೀಟರ್ ಸದ್ದಿಲ್ಲದೆ ಸೋರುತ್ತದೆ. ಮಳೆಯಲ್ಲಿ ಚಾರ್ಜಿಗೆ ಹಾಕಲು ಹೆದರಬೇಕಿಲ್ಲ, ಗನ್ ಒಣಗಿದ್ದರೆ ಆಯಿತು. ನಿಂತ ನೀರಿನಲ್ಲಿ ನುಗ್ಗುವುದು ಬೇರೆ ಮಾತು. ಬ್ಯಾಟರಿ ಮುಳುಗುವಷ್ಟು ನೀರಿನಲ್ಲಿ ಕಾರು ನಿಂತಿದ್ದರೆ, ಬೇರೆಲ್ಲ ಸರಿಯಾಗಿ ಕಂಡರೂ, ತಿಳಿದವರು ನೋಡುವ ತನಕ ಚಾರ್ಜಿಗೆ ಹಾಕಬೇಡಿ.

ಮೊನ್ನೆ ಪರಿಚಯದ ಮೇಷ್ಟ್ರೊಬ್ಬರು, ನಿವೃತ್ತಿಗೆ ಹತ್ತಿರ ಬಂದವರು, ಕೊಳ್ಳಲೋ ಬೇಡವೋ ಎಂದು ಕೇಳಿದರು. ಹಳೆಯದು ಸಿಕ್ಕರೂ ಸರಿ ಎಂದರು. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ, ಅದರಲ್ಲಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ನೋಡಿ ಎಂದೆ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಎಂದು ಬರೆಸಿಕೊಳ್ಳಿ ಎಂದೆ. ಅವರು ಅದನ್ನೆಲ್ಲ ಡೈರಿಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದಾಗ ನಾನು ಕೇಳಿದೆ, "ಮೇಷ್ಟ್ರೇ, ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತೆ?"

"ಬೀದಿಯಲ್ಲಿ. ಎದುರು ಮನೆಯವರ ಕಾಂಪೌಂಡ್ ಪಕ್ಕ."

"ಅಲ್ಲಿಗೆ ಪ್ಲಗ್ ಬರುತ್ತಾ?"

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, ಮನೆಯ ಮುಂದಿನ ತುಳಸಿಕಟ್ಟೆಯನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿದರೆ ಒಳಗೇ ಒಂದು ಕಾರು ನಿಲ್ಲುತ್ತದೆ, ಆದರೆ ಮನೆಯವಳನ್ನು ಕೇಳಬೇಕು, ಎಂದರು. ಮೊದಲು ಅವರನ್ನು ಕೇಳಿ, ಅವರು ಒಪ್ಪಿದರೆ ಎಲೆಕ್ಟ್ರಿಷಿಯನ್ನಿಗೆ ಹೇಳಿ, ಷೋರೂಮಿಗೆ ಆಮೇಲೆ ಹೋದರಾಯಿತು ಎಂದೆ.